ಲ್ಯಾಪರೋಸ್ಕೋಪಿ: ಬಸುರಿಯರಿಗೆ ಹೇಳುವಾಗ ಯಾವ ಪದ?

ಬಳಗದವರಿಗೆ ನಮಸ್ಕಾರ.

ಮಂಡ್ಯ ಸುತ್ತಿನ ಹಳ್ಳಿಗಳ ಗರ್ಭಿಣಿಯರಿಗೆಂದು ಅಪೆಂಡಿಕ್ಸ್ ಆಪರೇಷನ್ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. 'ಅಪೆಂಡಿಕ್ಸ್' ಎಲ್ಲರಿಗೂ ಗೊತ್ತು, ಹಾಗೇ ಇರಲಿ. ತೊಡಕಿರುವುದು ಲ್ಯಾಪರೋಸ್ಕೋಪಿಯದು, ಅಂದರೆ ಹೊಟ್ಟೆ ಅಗಲಕ್ಕೆ ಕುಯ್ಯದೆ, ಸಣ್ಣ ತೂತುಗಳಿಂದ ಕ್ಯಾಮೆರಾ, ಸಲಕರಣೆ ತೂರಿಸಿ ಮಾಡುವ ಆಪರೇಷನ್‌ನದು.

'ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ' ಎಂಬ ಅನುವಾದ ಓಡಾಡುತ್ತಿದೆ. ಬಸುರಿ ಹೆಂಗಸಿನ ಮುಂದೆ ಆಕ್ರಮಣದ ಮಾತೇಕೆ? 'ಉದರದರ್ಶಕ' ಸರ್ಕಾರಿ ಕಾಗದಗಳಲ್ಲಿ ನೆಲೆಯೂರಿದ ಪದ. ಆದರೆ ಅದು ಹಳ್ಳಿಗೆ ಬಂದದ್ದೇ ಸಂತಾನಹರಣ ಶಿಬಿರಗಳ ಬೆನ್ನಿಗೆ. ನಮ್ಮ ಕಡೆ 'ಲ್ಯಾಪ್ರೋಸ್ಕೋಪಿ ಮಾಡಿಸ್ಕೊಂಡ್ಳು' ಅಂದರೆ ಇನ್ನು ಮಕ್ಕಳಾಗೋಲ್ಲ ಅಂತಲೇ ಅರ್ಥ. ಐದು ತಿಂಗಳ ಬಸುರಿಯ ಅತ್ತೆ ಕಿವಿಗೆ ಇದು ಬಿದ್ದರೆ ಗತಿಯೇನು! (ಈ ವಿದ್ಯೆಗೂ ಹೆರಿಗೆ ವಾರ್ಡಿಗೂ ನಂಟು ಹಳೆಯದೇ. 1980ರಲ್ಲಿ ಹೀಗೆ ಮೊದಲು ಅಪೆಂಡಿಕ್ಸ್ ತೆಗೆದ ಜರ್ಮನಿಯ ಕುರ್ಟ್ ಸೆಮ್ ಸ್ತ್ರೀರೋಗ ತಜ್ಞ.)

ನನ್ನ ಒಲವು 'ತೂತಿನ ಆಪರೇಷನ್' ಕಡೆಗೆ. ಆಗ 'ತೂತು ಮಗೂಗೆ ತಾಗಲ್ವಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಇದೆ: ಗರ್ಭಕೋಶ ಎಷ್ಟು ಮೇಲೆ ಬಂದಿದೆ ಎಂದು ನೋಡಿಕೊಂಡೇ ತೂತಿನ ಜಾಗ ಗೊತ್ತುಮಾಡುತ್ತಾರೆ. ಅದರ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಂತೆ ಎಡಕ್ಕೆ ವಾಲಿಸಿ ಮಲಗಿಸುತ್ತಾರೆ. ಹೊಟ್ಟೆ ಉಬ್ಬಿಸಲು ಬಿಡುವ ಗಾಳಿಯ ಒತ್ತಡವನ್ನು ಪಾದರಸದ 10ರಿಂದ 15 ಮಿಲಿಮೀಟರ್ ಒಳಗೆ ಇಡುತ್ತಾರೆ. ಆಪರೇಷನ್‌ಗೆ ಮುಂಚೆ, ಆಮೇಲೆ ಮಗುವಿನ ಎದೆಬಡಿತ ನೋಡುತ್ತಾರೆ.

ಇನ್ನು 'ಸುರಕ್ಷಿತ'. ಇದೇ ನನಗೆ ಹೆಚ್ಚು ಕಾಡುತ್ತಿರುವುದು. ಅಮೆರಿಕದ ಶಸ್ತ್ರವೈದ್ಯರ ಸಂಘದ ಮಾರ್ಗಸೂಚಿ ಬಸಿರಿನ ಯಾವ ತಿಂಗಳಲ್ಲಾದರೂ ಇದನ್ನು ಮಾಡಬಹುದು ಎನ್ನುತ್ತದೆ. (ಅಲ್ಲಿನ 'ತ್ರೈಮಾಸಿಕ' ನನಗೆ ಬೇಡ, ಬ್ಯಾಂಕಿನ ಲೆಕ್ಕದ ಹಾಗೆ ಕೇಳಿಸುತ್ತದೆ.) ಆದರೆ ಹೊಟ್ಟೆ ಕುಯ್ದು ಮಾಡುವುದಕ್ಕಿಂತ ಇದರಲ್ಲಿ ಗರ್ಭನಷ್ಟ ತುಸು ಹೆಚ್ಚೆಂದು ಕಂಡ ಅಧ್ಯಯನಗಳೂ ಇವೆ, ಹಾಗೇನಿಲ್ಲ ಎಂದವೂ ಇವೆ. ಎರಡು ಕಡೆಯವರೂ ಒಪ್ಪುವುದು, ಅಪೆಂಡಿಕ್ಸ್ ಒಡೆದರೆ ಮಗುವಿಗೆ ಅಪಾಯ ಹಲವು ಪಟ್ಟು ಏರುತ್ತದೆ ಎಂಬುದನ್ನು. ನಾನು 'ಸುರಕ್ಷಿತ' ಎಂದು ಬರೆದರೆ ಓದುವವರು 'ಏನೂ ಆಗಲ್ಲ' ಎಂದುಕೊಳ್ಳುತ್ತಾರೆ. 'ಅಪಾಯ ಕಡಿಮೆ' ಎಂದರೆ 'ಅಪಾಯ' ಒಂದೇ ಕಣ್ಣಿಗೆ ಬಿದ್ದು, ಹೆರಿಗೆ ಆಗಲಿ ನೋಡೋಣ ಅಂತ ಮನೆಯಲ್ಲೇ ಕೂರುತ್ತಾರೆ. ಸದ್ಯಕ್ಕೆ 'ತಡ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದೇ ಕ್ಷೇಮ' ಎಂದು ಬರೆದಿದ್ದೇನೆ.

'ಕ್ಷೇಮ' ಇಲ್ಲಿ ಒಗ್ಗುತ್ತದೆಯೇ? ಮೈಸೂರು, ಮಂಡ್ಯದ ನರ್ಸಮ್ಮಂದಿರು, ಆಶಾ ಕಾರ್ಯಕರ್ತೆಯರು ಬಾಯಲ್ಲಿ ಏನೆನ್ನುತ್ತಾರೆ ಎಂದು ಬಲ್ಲವರು ತಿಳಿಸಿ. ನಿಘಂಟಿನ ಪದ ನನ್ನಲ್ಲಿ ಬೇಕಾದಷ್ಟಿವೆ.