ಸೋತ ದೇಶದಲ್ಲಿ ಸರ್ವಾಧಿಕಾರಿ ಮೇಲೇರುವುದು ಹೇಗೆ?

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಮಧುಗಿರಿ): ನಮಸ್ಕಾರ ಸರ್. "ವರ್ಸೇಲ್ಸ್ ಒಪ್ಪಂದದ ಅವಮಾನದಿಂದ ಹಿಟ್ಲರ್ ಬಂದ" ಅಂತ ಹತ್ತನೇ ತರಗತಿ ಮಕ್ಕಳು ಒಂದೇ ಸಾಲಲ್ಲಿ ಬರೆದು ಮುಗಿಸ್ತಾರೆ. ಅಷ್ಟು ಸಾಕಾ?

ಉತ್ತರ (ಇತಿಹಾಸ ಉಪನ್ಯಾಸಕರು, ತುಮಕೂರು): ಸಾಲದು ಮೇಡಂ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1919ರ ಜೂನ್ 28ರಂದು. 1928ರ ಮೇ ಚುನಾವಣೆಯಲ್ಲಿ ಹಿಟ್ಲರನ ಪಕ್ಷವಾದ ನಾಜಿಗಳಿಗೆ ಬಂದದ್ದು ಶೇ. 2.6 ಮತ, 12 ಸ್ಥಾನ. ಅವಮಾನವೊಂದೇ ಕಾರಣವಾಗಿದ್ದರೆ ಅಷ್ಟೊತ್ತಿಗೆ ಅವರು ಗೆದ್ದಿರಬೇಕಿತ್ತು. ಈ ಅಂಕಿಯನ್ನು ಬೋರ್ಡ್ ಮೇಲೆ ಬರೆದೇ ಪಾಠ ಶುರು ಮಾಡಿ.

ಸೋಲಿನಿಂದ ಹುಟ್ಟಿದ್ದು ಒಂದು ಸುಳ್ಳು. 1918ರ ಸೆಪ್ಟೆಂಬರ್ ಕೊನೆಯಲ್ಲಿ ಕೂಡಲೇ ಕದನವಿರಾಮ ಬೇಕೆಂದು ಪಟ್ಟು ಹಿಡಿದವನು ಸೇನಾನಾಯಕ ಲೂಡೆನ್‌ಡಾರ್ಫ್. ಆದರೆ ನವೆಂಬರ್ 11ರಂದು ಅದಕ್ಕೆ ಸಹಿ ಹಾಕಿದ ನಿಯೋಗದ ಮುಖಂಡ ಎರ್ಜ್‌ಬರ್ಗರ್ ಒಬ್ಬ ರಾಜಕಾರಣಿ. ಆಮೇಲೆ ಸೇನಾನಾಯಕರೇ "ಸೈನ್ಯ ಸೋತಿರಲಿಲ್ಲ, ಒಳಗಿನವರು ಬೆನ್ನಿಗೆ ಚೂರಿ ಹಾಕಿದರು" ಎಂದು ಹಬ್ಬಿಸಿ, ಸೋಲನ್ನು ಹೊಸ ಗಣರಾಜ್ಯದ ತಲೆಗೆ ಕಟ್ಟಿದರು. 1921ರಲ್ಲಿ ಎರ್ಜ್‌ಬರ್ಗರ್ ಕೊಲೆಯಾದ.

ಪ್ರಶ್ನೆ (ಪದವಿ ವಿದ್ಯಾರ್ಥಿ, ಗೌರಿಬಿದನೂರು): ಹಾಗಾದ್ರೆ 1928ರ ನಂತರ ಬದಲಾಗಿದ್ದೇನು ಸರ್?

ಉತ್ತರ: 1929ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಅಲ್ಪಾವಧಿ ಸಾಲ ವಾಪಸ್ ಹೋಯಿತು. 1932ರ ಆರಂಭಕ್ಕೆ ನಿರುದ್ಯೋಗಿಗಳು ಸುಮಾರು 60 ಲಕ್ಷ. ಇದನ್ನು ಎಲ್ಲರೂ ಬರೀತಾರೆ. ಬಿಟ್ಟುಹೋಗೋದು ಜರ್ಮನಿಯ ಅಂದಿನ ಸಂವಿಧಾನದ 48ನೇ ವಿಧಿ, ಅಂದರೆ ತುರ್ತು ಹೊತ್ತಲ್ಲಿ ಅಧ್ಯಕ್ಷರೇ ಆಜ್ಞೆ ಹೊರಡಿಸುವ ಅಧಿಕಾರ. ನಮ್ಮಲ್ಲಿ ಸಂಸತ್ತಿನ ಎರಡೂ ಸದನಗಳು ಅಧಿವೇಶನದಲ್ಲಿದ್ದಾಗ ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಅಲ್ಲಿ ಅಧ್ಯಕ್ಷರಿಗೆ ಅಂಥ ತಡೆ ಇರಲಿಲ್ಲ. ಆಜ್ಞೆಯನ್ನು ರದ್ದು ಮಾಡುವ ಹಕ್ಕು ಸಂಸತ್ತಿಗೆ ಇತ್ತು, ಆದರೆ 25ನೇ ವಿಧಿಯಲ್ಲಿ ಸಂಸತ್ತನ್ನೇ ವಿಸರ್ಜಿಸುವ ಅಧಿಕಾರ ಅಧ್ಯಕ್ಷರಿಗಿತ್ತು. 1930ರ ಜುಲೈನಲ್ಲಿ ನಡೆದದ್ದು ಇದೇ: ಚಾನ್ಸೆಲರ್ (ನಮ್ಮ ಪ್ರಧಾನಿಯಂಥ ಹುದ್ದೆ) ಬ್ರೂನಿಂಗ್ ಮಂಡಿಸಿದ ಹಣಕಾಸು ಮಸೂದೆ ಬಿದ್ದುಹೋಯಿತು, ಅದನ್ನೇ ಆಜ್ಞೆಯಾಗಿ ಹೊರಡಿಸಿದರು, ಸಂಸತ್ತು ರದ್ದು ಮಾಡಿತು, ಅಧ್ಯಕ್ಷ ಹಿಂಡೆನ್‌ಬರ್ಗ್ ಸಂಸತ್ತನ್ನೇ ವಿಸರ್ಜಿಸಿದ. ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳು 12ರಿಂದ 107ಕ್ಕೆ ನೆಗೆದರು. ಅಲ್ಲಿಂದಾಚೆ ಆಡಳಿತ ನಡೆದದ್ದು ಹೆಚ್ಚಾಗಿ ಆಜ್ಞೆಗಳ ಮೇಲೆಯೇ. ನನ್ನ ಪ್ರಕಾರ ಪ್ರಜಾಪ್ರಭುತ್ವದ ಜೀವ ಹೋಗಲು ಶುರುವಾದದ್ದು ಇಲ್ಲಿ, ಹಿಟ್ಲರ್ ಬರುವ ಎರಡೂವರೆ ವರ್ಷ ಮೊದಲೇ.

ಪ್ರಶ್ನೆ (ಶಿಕ್ಷಕಿ, ಮಧುಗಿರಿ): ಜನ ಬಹುಮತ ಕೊಟ್ಟೇ ತಂದರು ಅಂತಾರಲ್ಲ ಸರ್?

ಉತ್ತರ: ಕೊಡಲಿಲ್ಲ ಮೇಡಂ. 1932ರ ಜುಲೈ ಚುನಾವಣೆಯಲ್ಲಿ ನಾಜಿಗಳಿಗೆ ಶೇ. 37.3 ಮತ, ನವೆಂಬರ್‌ನಲ್ಲಿ ಶೇ. 33.1ಕ್ಕೆ ಇಳಿಕೆ. ಅಂಥ ಹೊತ್ತಲ್ಲಿ "ನಮ್ಮ ಹಿಡಿತದಲ್ಲೇ ಇರ್ತಾನೆ" ಎಂದು ನಂಬಿ ಮಾಜಿ ಚಾನ್ಸೆಲರ್ ಫಾನ್ ಪಾಪೆನ್ ಮತ್ತು ಹಿಂಡೆನ್‌ಬರ್ಗ್ ಸುತ್ತಲಿನವರು 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸೆಲರ್ ಮಾಡಿಸಿದರು. ಸಂಪುಟದಲ್ಲಿ ಅವನ ಜೊತೆಗಿದ್ದ ನಾಜಿಗಳು ಇಬ್ಬರೇ. ತಲೆ ಎಣಿಸಿದವರು ಖಾತೆ ನೋಡಲಿಲ್ಲ: ದೇಶದ ಅರ್ಧಕ್ಕಿಂತ ಹೆಚ್ಚು ಜನರಿದ್ದ ಪ್ರಷ್ಯ ರಾಜ್ಯದ ಪೊಲೀಸ್ ಆ ಇಬ್ಬರಲ್ಲಿ ಒಬ್ಬನಾದ ಗೋರಿಂಗ್ ಕೈಗೆ ಹೋಯಿತು.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನ ಅದೇ 48ನೇ ವಿಧಿಯಡಿ ವಾಕ್, ಪತ್ರಿಕಾ, ಸಭಾ ಸ್ವಾತಂತ್ರ್ಯ ರದ್ದು. ಇಷ್ಟಾದರೂ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 43.9 ಮತ. ಸಂಪುಟಕ್ಕೇ ಶಾಸನಾಧಿಕಾರ ಕೊಡುವ ಕಾಯ್ದೆಗೆ ಮೂರನೇ ಎರಡರಷ್ಟು ಬಹುಮತ ಬೇಕಿತ್ತು. 81 ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಡಲಿಲ್ಲ, ಕಾರಣ ಕೊಡದೆ ಗೈರಾದವರನ್ನು ಹಾಜರೆಂದು ಎಣಿಸುವಂತೆ ನಿಯಮ ತಿದ್ದಿದರು, ಸಭಾಂಗಣದೊಳಗೆ ನಾಜಿಗಳ ಕಂದು ಅಂಗಿಯ ದಳದವರನ್ನು ನಿಲ್ಲಿಸಿದರು. ಮಾರ್ಚ್ 23ರಂದು ಕಾಯ್ದೆ ಪರವಾಗಿ 444, ವಿರುದ್ಧ 94. ವಿರುದ್ಧ ಹಾಕಿದವರೆಲ್ಲ ಸೋಷಿಯಲ್ ಡೆಮೊಕ್ರಾಟರು. ಕ್ಯಾಥೊಲಿಕರ ಸೆಂಟರ್ ಪಕ್ಷ ಪರವಾಗಿ ಹಾಕಿತು. ಜುಲೈ 14ಕ್ಕೆ ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. 1934ರ ಆಗಸ್ಟ್ 2ರಂದು ಹಿಂಡೆನ್‌ಬರ್ಗ್ ಸತ್ತ ದಿನವೇ ಸೈನಿಕರಿಂದ ಹಿಟ್ಲರ್ ಹೆಸರಿಗೆ ಪ್ರಮಾಣ ಮಾಡಿಸಿದರು.