ಮಟೊಬೊ ರಾಷ್ಟ್ರೀಯ ಉದ್ಯಾನ: ಘೇಂಡಾಮೃಗಗಳಿಗೂ ಗುಹಾಚಿತ್ರಗಳಿಗೂ ಒಂದೇ ದಿನ ಸಾಕೇ?

ಪ್ರಶ್ನೆ

ಬರುವ ಆಗಸ್ಟ್‌ನಲ್ಲಿ ನಾವು ಜಿಂಬಾಬ್ವೆಗೆ ಹೋಗಲಿದ್ದೇವೆ. ವಿಕ್ಟೋರಿಯಾ ಜಲಪಾತವನ್ನೂ ಹ್ವಾಂಗೆ ಉದ್ಯಾನವನ್ನೂ ನೋಡಿಕೊಂಡು ಬುಲವಾಯೊ ತಲುಪಿ, ಅಲ್ಲಿಂದ ದಕ್ಷಿಣಕ್ಕಿರುವ ಮಟೊಬೊ ಬೆಟ್ಟಗಳಿಗೆ ಒಂದು ದಿನ ಮೀಸಲಿಡಬೇಕೆಂದಿದ್ದೇವೆ. ಘೇಂಡಾಮೃಗಗಳನ್ನು ನೋಡಬೇಕು, ಬೇಟೆಯಾಡಿ ಬದುಕುತ್ತಿದ್ದ ಇಲ್ಲಿನ ಮೂಲನಿವಾಸಿ ಸಾನ್ ಜನರ ಪೂರ್ವಜರು ಬಿಡಿಸಿದ ಶಿಲಾಚಿತ್ರಗಳನ್ನೂ ನೋಡಬೇಕು ಎಂಬುದು ನಮ್ಮ ಆಸೆ. ಜೊತೆಯಲ್ಲಿರುವ ತಂದೆಯವರಿಗೆ ಎಪ್ಪತ್ತು ದಾಟಿದೆ. ಸಮತಟ್ಟಾದ ದಾರಿಯಲ್ಲಿ ನಡೆಯಬಲ್ಲರು, ಕಡಿದಾದ ಬಂಡೆಗಳನ್ನು ಹತ್ತಲಾರರು. ಯಾವ ಗುಹೆಗಳನ್ನು ಆರಿಸಿಕೊಳ್ಳಬೇಕು? ಒಂದು ದಿನ ಸಾಲುತ್ತದೆಯೇ?

ಮೊದಲ ಉತ್ತರ

ಸಾಲುವುದಿಲ್ಲ. ಹ್ವಾಂಗೆಯಲ್ಲಿ ಒಂದು ದಿನ ಕಡಿಮೆ ಮಾಡಿಯಾದರೂ ಮಟೊಬೊದಲ್ಲಿ ಎರಡು ರಾತ್ರಿ ಉಳಿಯಿರಿ ಎಂದು ಒತ್ತಾಯಿಸುತ್ತೇನೆ. ಹ್ವಾಂಗೆ 14,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ, ಆನೆಗಳ ನಾಡು; ಮಟೊಬೊ ಸುಮಾರು 420 ಚದರ ಕಿಲೋಮೀಟರಿನ ಚಿಕ್ಕ ಉದ್ಯಾನ. ಇಲ್ಲಿ ಆನೆ, ಸಿಂಹಗಳನ್ನು ನಿರೀಕ್ಷಿಸಬೇಡಿ. ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ನಿಂತಿರುವ ಈ ಗುಡ್ಡಗಳಲ್ಲಿ ಚಿರತೆಗಳು ಬಹಳ ಇವೆಯಾದರೂ ಕಣ್ಣಿಗೆ ಬೀಳುವುದು ಅಪರೂಪ. ಬಿರುಕುಗಳಲ್ಲಿ ವಾಸಿಸುವ ಹೈರ್ಯಾಕ್ಸ್ ಎಂಬ ಪುಟ್ಟ ಪ್ರಾಣಿಯನ್ನೇ ಮುಖ್ಯ ಆಹಾರವಾಗಿಸಿಕೊಂಡ ವೆರೋ ಹದ್ದುಗಳು ಇಲ್ಲಿರುವಷ್ಟು ದಟ್ಟವಾಗಿ ಬೇರೆಡೆ ಕಾಣಸಿಗುವುದು ಕಷ್ಟ, ಆದ್ದರಿಂದ ಆಗಾಗ ಆಕಾಶವನ್ನೂ ನೋಡುತ್ತಿರಿ.

ಘೇಂಡಾಮೃಗಗಳಿಗಾಗಿ, ಬೇಲಿ ಹಾಕಿ ಕಾಪಾಡುವ ಹೋವಿ ಎಂಬ ಭಾಗಕ್ಕೆ ಪರವಾನಗಿ ಪಡೆದ ಮಾರ್ಗದರ್ಶಿಯೊಂದಿಗೆ ಬೆಳಿಗ್ಗೆ ಬೇಗ ಹೋಗಿ. ಬಿಳಿ, ಕಪ್ಪು ಎರಡೂ ಬಗೆಯ ಘೇಂಡಾಮೃಗಗಳು ಅಲ್ಲಿವೆ. ಕಳ್ಳಬೇಟೆಗಾರರಿಂದ ಉಳಿಸಲು ಅವುಗಳ ಕೊಂಬನ್ನು ಕತ್ತರಿಸಿರುತ್ತಾರೆ. ಅದನ್ನು ಮೊದಲೇ ತಂದೆಯವರಿಗೆ ತಿಳಿಸಿಡುವುದು ಒಳ್ಳೆಯದು, ಏಕೆಂದರೆ ಮೊದಲ ನೋಟಕ್ಕೆ ಮನಸ್ಸಿಗೆ ನೋವಾಗುತ್ತದೆ.

ಎರಡನೆಯ ಉತ್ತರ

ಚಿತ್ರಗಳ ಬಗ್ಗೆ ನಾನು ಹೇಳುತ್ತೇನೆ. ಈ ಬೆಟ್ಟಗಳು 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಲು ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲೇ ಅತಿ ದಟ್ಟವಾದವುಗಳಲ್ಲಿ ಒಂದಾದ ಇಲ್ಲಿನ ಶಿಲಾಚಿತ್ರಗಳ ಸಮೂಹ ಒಂದು ಮುಖ್ಯ ಕಾರಣ. ನಿಮ್ಮ ತಂದೆಯವರಿಗೆ ಪೊಮೊಂಗ್ವೆ ಗುಹೆ ಸುಲಭ. ಮಲೆಮೆ ಅಣೆಕಟ್ಟಿನ ಸಮೀಪದಲ್ಲಿದೆ, ನಡಿಗೆ ಕಡಿಮೆ. ಆದರೆ ಅಲ್ಲಿನ ಚಿತ್ರಗಳು ಬಹಳ ಮಸುಕಾಗಿವೆ. ಕಳೆದ ಶತಮಾನದಲ್ಲಿ ಅವನ್ನು ರಕ್ಷಿಸುವ ಉದ್ದೇಶದಿಂದಲೇ ಬಳಿದ ಎಣ್ಣೆಯು ಬಂಡೆಯನ್ನು ಕಪ್ಪಾಗಿಸಿ ಚಿತ್ರಗಳನ್ನು ನುಂಗಿಹಾಕಿತು. ಆ ಗೋಡೆಯನ್ನು ನೋಡಿದ ಮೇಲೆ, ಬಣ್ಣ ಎದ್ದು ಕಾಣಲೆಂದು ಚಿತ್ರಕ್ಕೆ ನೀರು ಚಿಮುಕಿಸುವ ಪ್ರವಾಸಿಗರನ್ನು ಕಂಡರೆ ತಡೆಯದೆ ಇರಲು ಯಾರಿಗೂ ಮನಸ್ಸಾಗದು.

ಒಂದೇ ಗುಹೆ ನೋಡಲು ಸಾಧ್ಯವಾದರೆ ನ್ಸ್ವಾತುಗಿಯನ್ನು ಆರಿಸಿಕೊಳ್ಳಿ. ಏರು ಚಿಕ್ಕದು, ಆದರೂ ಕಡಿದಾಗಿದೆ. ಕೈಹಿಡಿದು, ನಡುನಡುವೆ ಕೂರಿಸಿ ಕರೆದೊಯ್ಯಬಹುದೇ ಎಂಬುದನ್ನು ಕೆಳಗೆ ನಿಂತೇ ನೋಡಿ ನಿರ್ಧರಿಸಿ. ಕಬ್ಬಿಣದ ಅಂಶವುಳ್ಳ ಕೆಮ್ಮಣ್ಣಿನಿಂದ ಬಿಡಿಸಿದ ಜಿರಾಫೆಗಳು, ಕುಡು ಜಿಂಕೆಗಳು ಅಲ್ಲಿ ಎಷ್ಟು ಸಹಜವಾಗಿ ಹೆಜ್ಜೆಯಿಡುತ್ತವೆಯೆಂದರೆ, ಬಿಡಿಸಿದವರು ಆ ಪ್ರಾಣಿಗಳ ನಡಿಗೆಯನ್ನು ಜೀವಮಾನವಿಡೀ ಗಮನಿಸಿದವರೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಆದರೂ ಇವು ಕೇವಲ ಬೇಟೆಯ ಲೆಕ್ಕವಲ್ಲ. ಮಟೊಬೊದ ಹಲವು ಗುಹೆಗಳಲ್ಲಿ ಉದ್ದುದ್ದ ಅಂಡಾಕಾರಗಳನ್ನು ಒತ್ತೊತ್ತಾಗಿ ಜೋಡಿಸಿದ ವಿಚಿತ್ರ ಆಕೃತಿಗಳಿವೆ. ಅವನ್ನು ಕೆಲವರು ಜೇನುಗೂಡು ಎಂದರೆ, ಪುರಾತತ್ತ್ವಜ್ಞ ಸಿಯಾಖಾ ಮ್ಗುನಿ ಅವರು ಗೆದ್ದಲಿನ ಗೂಡಿನ ಒಳಭಾಗವೆಂದು, ಸಾನ್ ಜನರ ನಂಬಿಕೆಯ ಶಕ್ತಿಯೊಂದಿಗೆ ಸಂಬಂಧ ಕಲ್ಪಿಸಿ ಅರ್ಥೈಸಿದ್ದಾರೆ. ಇವುಗಳಲ್ಲಿ ಅತ್ಯಂತ ಭವ್ಯವಾದುದು ಇನಾಂಕೆ ಗುಹೆಯಲ್ಲಿದೆ. ಅಲ್ಲಿಗೆ ಹೋಗಿಬರಲು ಬಂಡೆಗಳ ಮೇಲೆ ಪೂರ್ತಿ ದಿನ ನಡೆಯಬೇಕು. ಎರಡನೆಯ ದಿನ ನಿಮ್ಮಲ್ಲಿ ಶಕ್ತರಾದವರು ಅದಕ್ಕೆ ಹೋಗಲಿ, ತಂದೆಯವರು ಮಲೆಮೆಯ ನೀರಿನಂಚಿನಲ್ಲಿ ಹಕ್ಕಿಗಳನ್ನು ನೋಡುತ್ತಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು, ಎರಡು ರಾತ್ರಿ ಉಳಿಯಲು ನಿರ್ಧರಿಸಿದ್ದೇವೆ. ಮಳೆ ತರಿಸುವ ದೈವದ ಸ್ಥಾನವಾದ ನ್ಜೆಲೆಲೆಯೂ ಆ ಬೆಟ್ಟಗಳಲ್ಲೇ ಇದೆಯೆಂದು ಓದಿದೆ. ಅಲ್ಲಿಗೂ ಹೋಗಬಹುದೇ? ಪ್ರವೇಶ ಶುಲ್ಕವನ್ನು ಹೇಗೆ ಪಾವತಿಸಬೇಕು?

ಮೂರನೆಯ ಉತ್ತರ

ನ್ಜೆಲೆಲೆಯನ್ನು ದಯವಿಟ್ಟು ಪ್ರವಾಸದ ಪಟ್ಟಿಗೆ ಸೇರಿಸಬೇಡಿ. ಅದು ಮ್ವಾಲಿ ದೈವವನ್ನು ಇಂದಿಗೂ ಆರಾಧಿಸುವ ಜೀವಂತ ಕ್ಷೇತ್ರ. ಸುತ್ತಲಿನ ಸಮುದಾಯದ ಹಿರಿಯರ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವುದು ಅವರ ಶ್ರದ್ಧೆಗೆ ಮಾಡುವ ಅಪಚಾರ.

ಉದ್ಯಾನದ ಪ್ರವೇಶಕ್ಕೂ, ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳ ಇಲಾಖೆ ನೋಡಿಕೊಳ್ಳುವ ಗುಹೆಗಳಿಗೂ ಶುಲ್ಕ ಬೇರೆಬೇರೆ. ಅಮೆರಿಕನ್ ಡಾಲರ್ ಅಲ್ಲಿ ಚಲಾವಣೆಯಲ್ಲಿದೆ. ಚಿಲ್ಲರೆ ಸಿಗುವುದು ಕಷ್ಟವಾದ್ದರಿಂದ ಚಿಕ್ಕ ಮೊತ್ತದ, ಹರಿಯದ ನೋಟುಗಳನ್ನು ಇಟ್ಟುಕೊಂಡಿರಿ. ಆಗಸ್ಟ್ ಒಣ ಹವೆಯ ಕಾಲ. ಹಗಲು ಹಿತವಾಗಿದ್ದರೂ ಬೆಳಗಿನ ಜಾವ ತೆರೆದ ವಾಹನದಲ್ಲಿ ಚಳಿ ಕೊರೆಯುತ್ತದೆ, ತಂದೆಯವರಿಗೆ ದಪ್ಪನೆಯ ಸ್ವೆಟರ್ ಮತ್ತು ಕಿವಿ ಮುಚ್ಚುವ ಟೋಪಿ ಮರೆಯಬೇಡಿ.