ಮುಚ್ಚಳಿಕೆ ಬರೆದುಕೊಟ್ಟವರು ಸಭೆಗೆ ವಾಪಸ್ ಬಂದರೆ ಏನು ಮಾಡಬೇಕು?

ದೇವನಗರಿ_ಯೂತ್ ಕೇಳಿದ್ದು:

ಎಲ್ಲರಿಗೂ ವಂದನೆ. ದಾವಣಗೆರೆ ತಾಲೂಕಿನ ಒಂದು ಹಳ್ಳಿ ವಿಷಯ, ಊರ ಹೆಸರು ಬೇಡ. ಬಾಡಿಗೆ ಮನೆಯಲ್ಲಿ ನಡೆಯೋ ಸಣ್ಣ ಕ್ರೈಸ್ತ ಸಭೆ. ಭಾನುವಾರ ಆರಾಧನೆ ನಡೀತಿದ್ದಾಗ ಹೊರಗಿನವರು ನುಗ್ಗಿ ಗಲಾಟೆ ಮಾಡಿದರು. ಮಾರನೇ ದಿನ ಊರಲ್ಲಿ ಪಂಚಾಯ್ತಿ ಸೇರಿಸಿ, ನಾಲ್ಕು ಮನೆಯವರ ಕೈಲಿ ‘ಇನ್ನು ಮುಂದೆ ಪ್ರಾರ್ಥನೆಗೆ ಹೋಗೋದಿಲ್ಲ’ ಅಂತ ಬಿಳಿ ಹಾಳೆ ಮೇಲೆ ಮುಚ್ಚಳಿಕೆ ಬರೆಸಿಕೊಂಡರು. ಈಗ ಅದರಲ್ಲಿ ಮೂರು ಮನೆಯವರು ವಾಪಸ್ ಬರ್ತೀವಿ ಅಂತಿದ್ದಾರೆ.

ಸಹಿ ಹಾಕದೆ ನಿಂತವರಿಗೆ ಇದು ಸರಿ ಕಾಣ್ತಿಲ್ಲ. ಕರ್ತನ ಭೋಜನದಲ್ಲಿ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ಸಂಸ್ಕಾರ) ಅವರ ಪಕ್ಕ ಕೂರೋದಿಲ್ಲ ಅಂತಾರೆ. ಒಬ್ಬ ಹಿರಿಯರು ‘ನಾನು ಕ್ಷಮಿಸಿದ್ದೀನಿ, ಬನ್ನಿ’ ಅಂತ ತಾವೇ ಕರೆದುಬಿಟ್ಟಿದ್ದಾರೆ. ಪಕ್ಕದೂರಿನ ಪಾಸ್ಟರ್ ಒಬ್ಬರು ‘ಮತ್ತೆ ದೀಕ್ಷಾಸ್ನಾನ ತಗೊಂಡರೆ ನಮ್ಮಲ್ಲಿ ಸೇರಿಸಿಕೊಳ್ತೀವಿ’ ಅಂತ ಹೇಳಿ ಕಳಿಸಿದ್ದಾರೆ. ಟೌನಿನ ದೊಡ್ಡ ಚರ್ಚುಗಳವರು ಇದು ತಮಗೆ ಸಂಬಂಧವಿಲ್ಲದ ವಿಷಯ ಅನ್ನೋ ಹಾಗೆ ಇದ್ದಾರೆ. ಕ್ರೈಸ್ತ ಸಭೆಗಳು ಒಂದಾಗಲಿ ಅಂತ ಪ್ರಾರ್ಥಿಸೋ ಜನವರಿಯ ಐಕ್ಯತಾ ವಾರದಲ್ಲಿ ಎಲ್ಲರನ್ನೂ ಒಂದು ಕಡೆ ಕೂರಿಸಬೇಕು ಅಂತ ನಮ್ಮ ಆಸೆ. ಎಲ್ಲಿಂದ ಶುರು ಮಾಡೋದು? ಆ ಮುಚ್ಚಳಿಕೆಗೆ ಕಾನೂನಿನಲ್ಲಿ ಬೆಲೆ ಇದೆಯಾ?

ಕೋಟೆನಾಡು (ಚಿತ್ರದುರ್ಗ):

ಈ ಪ್ರಶ್ನೆಗೆ ಸುಮಾರು 1,770 ವರ್ಷ ವಯಸ್ಸಾಗಿದೆ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಚೀಟಿ ಪಡೆಯಬೇಕೆಂದು ಆಜ್ಞೆ ಮಾಡಿದ. ಅಂಥ ಚೀಟಿಗಳು ಈಜಿಪ್ಟಿನಲ್ಲಿ ಪಪೈರಸ್ ಮೇಲೆ ಸಿಕ್ಕಿವೆ. ಅರ್ಜಿದಾರನ ಹೆಸರು, ತಂದೆಯ ಹೆಸರು, ಊರು; ‘ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗ ನಿಮ್ಮೆದುರಿಗೇ ಕೊಟ್ಟು ಅದನ್ನು ತಿಂದಿದ್ದೇನೆ’ ಎಂಬ ಒಕ್ಕಣೆ; ಕೆಳಗೆ ಕಂಡವರ ರುಜು. ನಿಮ್ಮೂರಿನ ಬಿಳಿ ಹಾಳೆಯ ಪೂರ್ವಿಕ ಇದೇ.

ಆಗ ಬಿದ್ದವರಲ್ಲಿ, ಅಂದರೆ ಹೆದರಿ ಆಜ್ಞೆಗೆ ಮಣಿದ ಕ್ರೈಸ್ತರಲ್ಲಿ, ಮೂರು ತರದವರಿದ್ದರು. ಬಲಿ ಕೊಟ್ಟವರು, ಧೂಪ ಹಾಕಿ ಪಾರಾದವರು, ಏನೂ ಮಾಡದೆ ಲಂಚ ಕೊಟ್ಟು ಚೀಟಿ ಮಾತ್ರ ತಂದಿಟ್ಟುಕೊಂಡವರು. ಕಿರುಕುಳ ತಣ್ಣಗಾದ ಮೇಲೆ ಸಭೆ ಒಡೆದದ್ದು ಇವರನ್ನು ಏನು ಮಾಡಬೇಕೆಂಬ ಜಗಳದಲ್ಲಿ. ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಜೈಲು ಕಂಡುಬಂದ ಕೆಲವರು ಬಿದ್ದವರಿಗೆ ಶಿಫಾರಸು ಪತ್ರ ಬರೆದುಕೊಟ್ಟರು. ಅದನ್ನು ಹಿಡಿದು ಒಂದು ಗುಂಪು ವಿಚಾರಣೆಯೇ ಇಲ್ಲದೆ ಎಲ್ಲರನ್ನೂ ಸೇರಿಸಿಕೊಂಡಿತು. ರೋಮಿನಲ್ಲಿ ನೊವೇಷಿಯನ್ ಎಂಬಾತ ಬಿದ್ದವರನ್ನು ಸಭೆ ಮತ್ತೆ ಸೇರಿಸಿಕೊಳ್ಳಲೇಬಾರದೆಂದು ಹಟ ಹಿಡಿದು ಎದುರು ಬಿಷಪ್ ಆಗಿ ಕೂತ. ನಿಮ್ಮಲ್ಲಿ ‘ನಾನು ಕ್ಷಮಿಸಿದ್ದೀನಿ’ ಎನ್ನುವ ಹಿರಿಯರು ಮೊದಲ ದಾರಿಯಲ್ಲಿದ್ದಾರೆ, ‘ಪಕ್ಕ ಕೂರೋದಿಲ್ಲ’ ಎನ್ನುವವರು ಎರಡನೆಯದರಲ್ಲಿ. ಎರಡೂ ಸಭೆ ಒಡೆಯುವ ದಾರಿಗಳೇ.

ಕಾರ್ತೇಜಿನ ಬಿಷಪ್ ಸಿಪ್ರಿಯನ್ 251ರಲ್ಲಿ ಸುತ್ತಲಿನ ಬಿಷಪ್‌ಗಳನ್ನು ಸೇರಿಸಿ ತೀರ್ಮಾನ ಮಾಡಿದ. ಚೀಟಿ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದು. ಬಲಿ ಕೊಟ್ಟವರು ದೀರ್ಘ ಪಶ್ಚಾತ್ತಾಪದಲ್ಲಿರಬೇಕು, ಸಾವಿನ ಹೊತ್ತಿಗಾದರೂ ಅವರಿಗೆ ಸಭೆಯ ಸಮಾಧಾನ, ಅಂದರೆ ಮತ್ತೆ ಸೇರ್ಪಡೆ, ಸಿಗಬೇಕು. ಮುಂದೆ ಮತ್ತೊಂದು ಕಿರುಕುಳದ ಸುಳಿವು ಸಿಕ್ಕಾಗ, ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಒಳಗೆ ಕರೆದುಕೊಂಡರು. ಎದುರಿಗೆ ಬರುವುದನ್ನು ತಾಳಿಕೊಳ್ಳಬೇಕಾದವರನ್ನು ಕರ್ತನ ಮೇಜಿನಿಂದ ದೂರ ಇಟ್ಟರೆ ಅವರು ಯಾವ ಬಲದ ಮೇಲೆ ನಿಲ್ಲಬೇಕು ಎಂಬುದು ಅವರು ಕೊಟ್ಟ ಕಾರಣ. ನಿಮ್ಮೂರಿಗೂ ನಾನು ಈ ಕಾರಣವನ್ನೇ ಹೇಳುತ್ತೇನೆ.

ಮಾಡಬೇಕಾದದ್ದು ಇಷ್ಟು. ತೀರ್ಮಾನ ಒಬ್ಬ ಹಿರಿಯರ ಬಾಯಲ್ಲಿ ಇರಬಾರದು. ಸಭೆಯ ಪಾಲಕರು (ಪಾಸ್ಟರ್), ಇಬ್ಬರು ಹಿರಿಯರು, ಏಟು ತಿಂದವರ ಕಡೆಯಿಂದ ಒಬ್ಬರು, ಹೊರಗಿನ ಸಭೆಯ ಒಬ್ಬ ಪಾಲಕರು, ಇವರು ಕೂತು ಮಾಡಲಿ. ಒಂದೊಂದು ಮನೆಗೂ ಬೇರೆ ಬೇರೆ ದಿನ ಹೋಗಿ. ಸಹಿ ಹಾಕಿದವರು ಯಾರೆಂದು ಮೊದಲು ಕೇಳಿ. ಬಹಳ ಸಲ ಯಜಮಾನ ಒಬ್ಬನೇ ಹಾಕಿರುತ್ತಾನೆ. ಹೆಂಡತಿ ಮಕ್ಕಳನ್ನು ಅದೇ ತಕ್ಕಡಿಗೆ ಹಾಕಬೇಡಿ. ಬೇರೆಯವರ ಹೆಸರು ಹೇಳಿಕೊಟ್ಟಿದ್ದಾರೆಯೇ ಎಂಬುದನ್ನು ಮಾತ್ರ ಗಟ್ಟಿಯಾಗಿ ಕೇಳಿ, ಅದು ಸಹಿಗಿಂತ ದೊಡ್ಡ ವಿಷಯ. ಹೇಳಿಕೊಟ್ಟಿದ್ದರೆ ಆ ಮನೆಗೆ ಹೋಗಿ ಮುಖಾಮುಖಿ ಕ್ಷಮೆ ಕೇಳದೆ ಮುಂದಿನ ಮಾತಿಲ್ಲ.

ಆರಾಧನೆಗೆ ಮೊದಲ ಭಾನುವಾರದಿಂದಲೇ ಬಂದು ಕೂರಲಿ. ಕರ್ತನ ಭೋಜನಕ್ಕೆ ನಾಲ್ಕರಿಂದ ಆರು ವಾರದ ಗಡುವು ಇಟ್ಟು, ಮುಗಿಯುವ ತಾರೀಖನ್ನು ಮೊದಲೇ ಅವರಿಗೆ ಹೇಳಿ. ತಾರೀಖಿಲ್ಲದ ಶಿಸ್ತು ಕೊನೆಗೆ ಬಹಿಷ್ಕಾರವಾಗಿ ಮುಗಿಯುತ್ತದೆ. ಎಲ್ಲರೆದುರು ನಿಲ್ಲಿಸಿ ತಪ್ಪೊಪ್ಪಿಗೆ ಮಾಡಿಸಬೇಡಿ. ಯಾರೋ ಮೊಬೈಲಲ್ಲಿ ಹಿಡಿಯುತ್ತಾರೆ, ಸಂಜೆಯೊಳಗೆ ಅದು ಊರೆಲ್ಲ ಸುತ್ತುತ್ತದೆ. ಸಹಿ ಹಾಕಿದವರಲ್ಲಿ ಸಭೆ ನಡೆಸುತ್ತಿದ್ದವರಿದ್ದರೆ ಅವರು ಸದಸ್ಯರಾಗಿ ವಾಪಸ್ ಬರಲಿ, ಹೊಣೆ ಬೇರೆಯವರ ಕೈಗೆ ಹೋಗಲಿ. ಸಿಪ್ರಿಯನ್ ಕಾಲದಲ್ಲೂ ಬಿದ್ದ ಬಿಷಪ್‌ಗಳಿಗೆ ಇದೇ ನಿಯಮವಿತ್ತು.

ಇನ್ನು ಮರು ದೀಕ್ಷಾಸ್ನಾನ. ಸಭೆಯ ಹೊರಗೆ ಕೊಟ್ಟ ಸ್ನಾನವನ್ನು ಒಪ್ಪದೆ ಅದಕ್ಕಾಗಿ ರೋಮಿನ ಬಿಷಪ್ ಜೊತೆಗೇ ಜಗಳವಾಡಿದ ಮನುಷ್ಯ ಸಿಪ್ರಿಯನ್. ಅಂಥವನೂ ಸಭೆಯಲ್ಲಿ ಸ್ನಾನವಾಗಿ ಆಮೇಲೆ ಬಿದ್ದವರಿಗೆ ಇನ್ನೊಮ್ಮೆ ಸ್ನಾನ ಕೊಡಲಿಲ್ಲ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಸೇರಿಸಿಕೊಂಡ. ಪಕ್ಕದೂರಿನ ಪಾಸ್ಟರ್‌ಗೆ ಇಷ್ಟನ್ನು ತಿಳಿಸಿ. ಪೆಟ್ಟು ತಿಂದ ಸಭೆಯಿಂದ ಜನರನ್ನು ಎಳೆದುಕೊಳ್ಳುವುದಕ್ಕೆ ಬೈಬಲ್ಲಿನ ಯಾವ ಅಧ್ಯಾಯವೂ ಆಧಾರವಾಗುವುದಿಲ್ಲ.

ಸತ್ಯಸಾಕ್ಷಿ:

ಕೋಟೆನಾಡು ಅವರೇ, ಮತ್ತಾಯ 10:33 ಮರೆತುಬಿಟ್ಟಿರಾ? ಜನರ ಮುಂದೆ ಆತನನ್ನು ಅಲ್ಲಗಳೆದರೆ ಆತನೂ ತಂದೆಯ ಮುಂದೆ ಅಲ್ಲಗಳೆಯುತ್ತಾನೆ. ಏಟು ತಿಂದವರ ಎದುರಿಗೆ ಆರು ವಾರದ ಗಡುವು ಅನ್ನೋದು ತೀರಾ ಅಗ್ಗ.

ಕೋಟೆನಾಡು (ಚಿತ್ರದುರ್ಗ):

ಮರೆತಿಲ್ಲ ಬ್ರದರ್. ಆ ಮಾತನ್ನು ಕೇಳಿಸಿಕೊಂಡ ಹನ್ನೆರಡು ಜನರಲ್ಲಿ ಪೇತ್ರನೂ ಇದ್ದ. ಮೂರು ಸಲ ಅಲ್ಲಗಳೆದ. ಯೋಹಾನ 21ರಲ್ಲಿ ಕರ್ತನು ಅವನನ್ನು ಮೂರು ಸಲ ಕೇಳಿ, ಕುರಿಗಳನ್ನು ಅವನಿಗೇ ಒಪ್ಪಿಸಿದ. ಆರು ವಾರ ಸಾಲದು ಎನ್ನುವುದಾದರೆ ಹನ್ನೆರಡು ವಾರ ಮಾಡಿ, ತಕರಾರಿಲ್ಲ. ಕೊನೆಯ ತಾರೀಖು ಇರಲಿ, ಅಷ್ಟೆ. ಏಟು ತಿಂದವರ ಬಗ್ಗೆ ನೀವು ಹೇಳಿದ್ದು ನಿಜ. ಅವರ ಆಸ್ಪತ್ರೆ ಖರ್ಚು, ಹೋದ ಕೂಲಿ, ಇದನ್ನು ಸಭೆ ಮೊದಲು ತುಂಬಿಕೊಡಬೇಕು. ಅದನ್ನು ಮಾಡದೆ ಅವರಿಗೆ ಕ್ಷಮೆಯ ಪ್ರಸಂಗ ಮಾಡಿದರೆ ಅವರು ಮುನಿಸಿಕೊಳ್ಳುವುದು ಸಹಜ.

ಕರಿಕೋಟು:

ಮುಚ್ಚಳಿಕೆ ವಿಷಯಕ್ಕೆ ಬರ್ತೀನಿ. ಊರ ಪಂಚಾಯ್ತಿಯಲ್ಲಿ ಬರೆಸಿಕೊಂಡ ಹಾಳೆ ಸಂವಿಧಾನದ 25ನೇ ವಿಧಿ ಕೊಟ್ಟ ಧರ್ಮ ಸ್ವಾತಂತ್ರ್ಯದ ಹಕ್ಕನ್ನು ಕಿತ್ತುಕೊಳ್ಳೋಕೆ ಆಗೋದಿಲ್ಲ. ಶಾಂತಿ ಕಾಪಾಡೋಕೆ ಬಾಂಡ್ ಬರೆಸೋದಾದರೆ ಅದಕ್ಕೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 126ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ, ಆದೇಶ ಮಾಡಬೇಕು. ಹಾಳೆಯ ಫೋಟೋ ಇದ್ದರೆ ಇಟ್ಟುಕೊಳ್ಳಿ, ಒತ್ತಾಯಕ್ಕೆ ಅದೇ ಸಾಕ್ಷಿ.

ಶಾಂತಿಯಿಂದ ನಡೆಯುವ ಆರಾಧನೆಗೆ ಬೇಕಂತಲೇ ಅಡ್ಡಿ ಮಾಡೋದು ಬಿಎನ್‌ಎಸ್ (ಹಳೆಯ ಐಪಿಸಿ ಜಾಗಕ್ಕೆ ಬಂದ ಕಾನೂನು) 300ರ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ. ಗಲಾಟೆ ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ, ಆ ಕರೆಯ ದಾಖಲೆ ಮುಂದೆ ಕೆಲಸಕ್ಕೆ ಬರುತ್ತೆ. ದೂರು ಎರಡು ಪ್ರತಿ ಬರೆದು ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಠಾಣೆಯಲ್ಲಿ ಎಫ್‌ಐಆರ್ ಮಾಡದಿದ್ದರೆ ಬಿಎನ್‌ಎಸ್‌ಎಸ್ 173(4)ರಡಿ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ವಿಡಿಯೋ ಇದ್ದರೆ ಮೊದಲು ದೂರಿನ ಜೊತೆ ಕೊಡಿ. ವಾಟ್ಸಾಪಿಗೆ ಬಿಟ್ಟರೆ ಎದುರು ದೂರಿಗೆ ನೀವೇ ಸರಕು ಒದಗಿಸಿದ ಹಾಗೆ.

ರಾಜ್ಯದ ಮತಾಂತರ ಕಾಯ್ದೆ 2022ರದ್ದು. 2021ರಲ್ಲಿ ಸದನದಲ್ಲಿ ಈ ಚರ್ಚೆ ಕಾವೇರಿದ್ದೇ ನಮ್ಮ ಹೊಸದುರ್ಗದ ಶಾಸಕರ ಮಾತಿನಿಂದ. 2023ರ ಜೂನ್‌ನಲ್ಲಿ ಸಂಪುಟ ಆ ಕಾಯ್ದೆಯನ್ನು ಹಿಂದಕ್ಕೆ ಪಡೆಯೋ ತೀರ್ಮಾನ ಮಾಡಿತು. ಸಂಪುಟ ತೀರ್ಮಾನ ಮಾಡಿದ ಮಾತ್ರಕ್ಕೆ ಕಾಯ್ದೆ ರದ್ದಾಗೋದಿಲ್ಲ, ಮಸೂದೆ ಎರಡೂ ಸದನ ದಾಟಿ ಗೆಜೆಟ್‌ನಲ್ಲಿ ಬರಬೇಕು. ಹಾಗಾಗಿ ಕಾಯ್ದೆ ಇದೆ ಅಂದುಕೊಂಡೇ ನಡೆದುಕೊಳ್ಳಿ. ಅದರಲ್ಲಿ ‘ಆಮಿಷ’ದ ವ್ಯಾಖ್ಯೆ ತುಂಬ ಅಗಲ: ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಮುನಿಸಿನ ಹೆದರಿಕೆ, ಒಂದು ಧರ್ಮವನ್ನು ಇನ್ನೊಂದಕ್ಕಿಂತ ಮೇಲೆ ಅಂತ ಹೊಗಳೋದು, ಎಲ್ಲ ಬರುತ್ತೆ. ದೂರನ್ನು ರಕ್ತಸಂಬಂಧಿಗಳಷ್ಟೇ ಅಲ್ಲದೆ ಸಹೋದ್ಯೋಗಿಗಳೂ ಕೊಡಬಹುದು. ಜಾಮೀನಿಲ್ಲದ ಅಪರಾಧ, ಜೊತೆಗೆ ತಪ್ಪು ಮಾಡಿಲ್ಲ ಅಂತ ತೋರಿಸೋ ಹೊರೆ ಆರೋಪಿಯ ಮೇಲೇ. ಆದ್ದರಿಂದ ರೇಷನ್ ಕಿಟ್ ಹಂಚೋದಿದ್ದರೆ ಪ್ರಾರ್ಥನೆಯ ದಿನ, ಪ್ರಾರ್ಥನೆಯ ಜಾಗದಲ್ಲಿ ಬೇಡ. ಕಾಣಿಕೆಗೆ ರಸೀದಿ ಪುಸ್ತಕ ಇಡಿ. ಬಾಡಿಗೆ ಕರಾರಿನಲ್ಲಿ ಪ್ರಾರ್ಥನೆಗೆ ಬಳಸ್ತೀವಿ ಅಂತ ಬರೆಸಿ. ಮನೆ ಮಾಲೀಕನನ್ನು ಹೆದರಿಸಿ ಖಾಲಿ ಮಾಡಿಸೋದು ಎಲ್ಲಕ್ಕಿಂತ ಸುಲಭದ ದಾರಿ, ಕರಾರು ಇದ್ದರೆ ಅಷ್ಟು ಸುಲಭ ಆಗೋದಿಲ್ಲ.

ಇನ್ನೊಂದು, ಸ್ಪೀಕರ್. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮಿತಿ. ಹದಿನೈದು ಜನ ಕೂರೋ ಕೋಣೆಗೆ ಮೈಕೇ ಬೇಡ. ಅಕ್ಕಪಕ್ಕದವರ ಕಿರಿಕಿರಿ ಮೇಲೆ ಹೊರಗಿನವರು ಬಂದು ಬೇಳೆ ಬೇಯಿಸಿಕೊಳ್ತಾರೆ.

ಸಹಿ ಹಾಕಿದವರ ಮನೆಗೆ ಹೋದಾಗ ಜಾತಿ ಪ್ರಮಾಣಪತ್ರದ ಭಯ ಇದೆಯಾ ಅಂತಲೂ ಕೇಳಿ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಎಸ್‌ಸಿ ಪಟ್ಟಿಯಲ್ಲಿ ಬರೋದಿಲ್ಲ, ನಮ್ಮ ರಾಜ್ಯದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1. ಮಕ್ಕಳ ಹಾಸ್ಟೆಲು, ಸ್ಕಾಲರ್‌ಶಿಪ್ಪು ಹೋಗುತ್ತೆ ಅನ್ನೋ ಚಿಂತೆಗೇ ಸಹಿ ಬಿದ್ದಿರಬಹುದು. ಅದನ್ನು ‘ವಿಶ್ವಾಸ ಸಾಲದು’ ಅಂತ ತಳ್ಳಿಹಾಕೋ ಮೊದಲು ಆ ಹೊರೆಯಲ್ಲಿ ಸಭೆ ಎಷ್ಟು ಪಾಲು ಹೊರುತ್ತೆ ಅಂತ ಯೋಚಿಸಿ.

ಹೊಳೆದಂಡೆ_ಹರಿಹರ:

ಐಕ್ಯತಾ ವಾರದ ಬಗ್ಗೆ ನಾನು ಬರೀತೀನಿ. ಜನವರಿ 18ರಿಂದ 25. ಇದು 1908ರಲ್ಲಿ ಶುರುವಾದದ್ದು. 1968ರಿಂದ ಇದರ ಪಾಠಗಳನ್ನು ಕಥೋಲಿಕರೂ ಜಾಗತಿಕ ಸಭೆಗಳ ಒಕ್ಕೂಟದವರೂ ಸೇರಿ ಸಿದ್ಧಮಾಡ್ತಾರೆ. ಎಂಟೂ ದಿನ ನಡೆಸಲು ಹೋಗಬೇಡಿ, ಮೂರನೇ ದಿನಕ್ಕೆ ಜನ ಕರಗ್ತಾರೆ. ಒಂದೇ ಸಂಜೆ, ಒಂದೂಕಾಲು ಗಂಟೆ ಸಾಕು.

ಮೊದಲು ಕಾಗದದ ಕೆಲಸ. ದಾವಣಗೆರೆ, ಚಿತ್ರದುರ್ಗ ಎರಡೂ ಕಥೋಲಿಕರ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವು. ಫಾದರ್‌ಗೆ ಬಾಯಿಮಾತಲ್ಲಿ ಕೇಳಿದರೆ ‘ನೋಡೋಣ’ ಅಂತಾರೆ. ದಿನಾಂಕ, ಜಾಗ, ಕಾರ್ಯಕ್ರಮದ ಪೂರ್ತಿ ಪಟ್ಟಿ ಬರೆದ ಪತ್ರವನ್ನು ಡಿಸೆಂಬರ್ ಮೊದಲ ವಾರದಲ್ಲೇ ಕೊಡಿ, ಕ್ರಿಸ್ಮಸ್ ಗದ್ದಲ ಶುರುವಾದರೆ ಯಾರೂ ಕೈಗೆ ಸಿಗೋದಿಲ್ಲ. ಜಂಟಿ ಪ್ರಾರ್ಥನೆಗೆ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ದಾರಿ ತೆರೆದಿದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅಯ್ಯನವರಿಗೆ, ಅಂದರೆ ಅಲ್ಲಿನ ಪಾಸ್ಟರ್‌ಗೆ, ಕಮಿಟಿಯ ಒಪ್ಪಿಗೆ ಬೇಕಾಗುತ್ತೆ, ಅದಕ್ಕೂ ಸಮಯ ಬಿಡಿ.

ಕರ್ತನ ಭೋಜನ ಇಡಬೇಡಿ. ಕಥೋಲಿಕರು ಅದರಲ್ಲಿ ಪಾಲ್ಗೊಳ್ಳೋ ಹಾಗಿಲ್ಲ, ನಡುವೆ ಎದ್ದು ಹೋಗಬೇಕಾಗುತ್ತೆ. ಸೇರಿಸೋಕೆ ಕರೆದ ಸಂಜೆಯಲ್ಲೇ ಒಡಕು ಎಲ್ಲರ ಕಣ್ಣಿಗೆ ಬೀಳುತ್ತೆ. ಮರಿಯಮ್ಮನವರ ಪ್ರಾರ್ಥನೆ, ಆತ್ಮಾವೇಶದ ಅನ್ಯಭಾಷೆಯಲ್ಲಿ ಪ್ರಾರ್ಥನೆ, ಸ್ವಸ್ಥತೆಯ ಪ್ರಾರ್ಥನೆ ಅವರವರ ಸಭೆಯಲ್ಲಿ ಇರಲಿ. ಎಲ್ಲರೂ ಒಪ್ಪೋದು ಬೇಕಾದಷ್ಟಿದೆ: ಕೀರ್ತನೆ 133, ಎಫೆಸ 4:1-6, ಯೋಹಾನ 17:20-23. ಒಂದೊಂದನ್ನು ಒಂದೊಂದು ಸಭೆಯವರು ಓದಲಿ. ಕರ್ತನ ಪ್ರಾರ್ಥನೆಯ ಪಾಠ ಸಭೆಯಿಂದ ಸಭೆಗೆ ಬೇರೆ, ಒಂದೇ ಪಾಠವನ್ನು ಹಾಳೆಯಲ್ಲಿ ಅಚ್ಚುಹಾಕಿಸಿ ಹಂಚದಿದ್ದರೆ ಎರಡನೇ ಸಾಲಿಗೇ ಗೊಂದಲ. ಪ್ರಸಂಗ ಒಂದೇ, ಹನ್ನೆರಡು ನಿಮಿಷ. ಮೂವರಿಗೆ ಮೈಕು ಕೊಟ್ಟರೆ ಮೂವರೂ ನಲವತ್ತು ನಲವತ್ತು ನಿಮಿಷ ತಗೋತಾರೆ, ಇದು ಎಲ್ಲರಿಗೂ ಗೊತ್ತಿರೋ ವಿಷಯವೇ.

ದೊಡ್ಡ ಚರ್ಚಿನವರು ಯಾಕೆ ದೂರ ನಿಲ್ತಾರೆ ಅಂದರೆ, ನೋಂದಣಿ ಇಲ್ಲದ ಸಭೆ ಏನು ಬೋಧಿಸುತ್ತೋ, ಯಾರ ಹಣ ತಗೊಳ್ಳುತ್ತೋ ಅವರಿಗೆ ಗೊತ್ತಿರೋದಿಲ್ಲ. ಕರಿಕೋಟು ಅವರು ಹೇಳಿದ ರಸೀದಿ, ಕರಾರು ತೋರಿಸಿದರೆ ಅರ್ಧ ಅನುಮಾನ ಹೋಗುತ್ತೆ. ಇನ್ನರ್ಧಕ್ಕೆ ತಾಳ್ಮೆ ಬೇಕು. ದಕ್ಷಿಣ ಭಾರತ ಸಭೆಯ ಐಕ್ಯದ ಮಾತು ಶುರುವಾಗಿದ್ದು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ. ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಯವರು ಮದ್ರಾಸಿನಲ್ಲಿ ಒಂದಾಗಿದ್ದು 1947ರ ಸೆಪ್ಟೆಂಬರ್ 27ಕ್ಕೆ. 28 ವರ್ಷ. ಅದಕ್ಕಾಗಿ ದುಡಿದ ಬಿಷಪ್ ಅಜರಾಯ 1945ರಲ್ಲೇ ತೀರಿಕೊಂಡರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾಲಕರನ್ನಾಗಲಿ ಪದ್ಧತಿಯನ್ನಾಗಲಿ ಹೇರೋದಿಲ್ಲ ಅನ್ನೋ ವಚನ ಇದ್ದುದರಿಂದಲೇ ಅದು ಕೂಡಿಬಂತು. ನಿಮ್ಮ ಪತ್ರದ ಮೊದಲ ಸಾಲಲ್ಲೇ ಅಂಥದ್ದೊಂದು ಮಾತು ಬರೆಯಿರಿ.

ದೇವನಗರಿ_ಯೂತ್:

ಎಲ್ಲರಿಗೂ ಧನ್ಯವಾದ. ಒಂದೇ ಅನುಮಾನ ಉಳಿದಿದೆ: ಆ ಸಂಜೆಯ ಪ್ರಾರ್ಥನೆ ನಮ್ಮ ಹಳ್ಳಿಯಲ್ಲೇ ಇಟ್ಟರೆ ಜನಕ್ಕೆ ಧೈರ್ಯ ಬರಲ್ವಾ?

ಹೊಳೆದಂಡೆ_ಹರಿಹರ:

ಈ ವರ್ಷ ಬೇಡ ತಮ್ಮಾ. ಟೌನಿನ ಚರ್ಚಿನ ಕಾಂಪೌಂಡ್ ಒಳಗೇ ಇಡಿ. ಹಳ್ಳಿಯಿಂದ ಬರೋರಿಗೆ ಒಂದು ಟೆಂಪೋ ಮಾಡಿ, ಬಾಡಿಗೆಯನ್ನು ಟೌನಿನವರೇ ಕೊಡಲಿ. ಸಂಜೆ ಐದಕ್ಕೆ ಶುರು ಮಾಡಿದರೆ ಏಳರೊಳಗೆ ವಾಪಸ್ ಹತ್ತಿಸಬಹುದು. ಹಳ್ಳಿಗೆ ಫಾದರ್, ಅಯ್ಯನವರು ಇಬ್ಬರೂ ಜನವರಿಗೆ ಮುಂಚೆಯೇ ಒಂದು ಸಲ ಹಗಲು ಹೊತ್ತಲ್ಲಿ ಹೋಗಿ, ಆ ಪಂಚಾಯ್ತಿ ಮಾಡಿದ ಹಿರಿಯರ ಮನೆಯಲ್ಲೇ ಕೂತು ಚಹಾ ಕುಡಿದು, ಎರಡು ಮಾತಾಡಿ ಬರಲಿ. ಸಹಿ ಹಾಕಿದವರ ಮನೆಗಳಿಗೆ ಹೋಗೋದು ಅದಾದ ಮೇಲೆ.